ಯೇಸು ಹುಟ್ಟಿಯಾಯಿತಲ್ಲ, ಇನ್ನು ಯಾರಿಗಾಗಿ ಕಾಯುವುದು?

ಪ್ರಶ್ನೆ: ಯೇಸು ಹುಟ್ಟಿ ಎರಡು ಸಾವಿರ ವರ್ಷ ಕಳೆಯಿತು. ಆದರೂ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ‘ಬಾ, ಪ್ರಭುವೇ’ ಎಂದು ಹಾಡುತ್ತೇವೆ. ಬಂದವರನ್ನೇ ಮತ್ತೆ ಕರೆಯುವುದು ನಾಟಕವಲ್ಲವೇ? ಮನೆಯಲ್ಲಿ ಮಕ್ಕಳಿಗೆ ಏನು ಹೇಳುವುದು?

ಉತ್ತರ: ಆಗಮನ ಕಾಲವೆಂದರೆ ಕ್ರಿಸ್ಮಸ್‌ಗೆ ದಿನ ಎಣಿಸುವುದಷ್ಟೇ ಎಂದುಕೊಂಡರೆ ನಾಟಕವೇ ಹೌದು. ಆದರೆ ಮೊದಲ ಭಾನುವಾರದ ಶುಭಸಂದೇಶ ಗಮನಿಸಿ. ಅಲ್ಲಿ ಬೆತ್ಲೆಹೇಮಿನ ಸುದ್ದಿಯೇ ಇಲ್ಲ. ಕ್ರಿಸ್ತ ಮರಳಿ ಬರುವ ದಿನ, ಎಚ್ಚರವಾಗಿರಿ ಎಂಬ ಮಾತು. ಕಥೋಲಿಕ ಪೂಜಾವಿಧಿಯಲ್ಲಿ ಡಿಸೆಂಬರ್ 16ರವರೆಗೆ ಒತ್ತು ಈ ಎರಡನೆಯ ಬರುವಿಕೆಗೆ. 17ರಿಂದ 24ರವರೆಗಿನ ಎಂಟು ದಿನ ಮಾತ್ರ ನೇರವಾಗಿ ಜನನದ ಸಿದ್ಧತೆ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ನವೆಂಬರಿನಲ್ಲೇ ನಕ್ಷತ್ರ ತೂಗಿದರೂ ಚರ್ಚಿಗೆ ಆ ಅವಸರವಿಲ್ಲ.

ಇನ್ನು ‘ಕಾಯುವುದು’. ಈ ವಿಷಯದಲ್ಲಿ ಕನ್ನಡದವರು ಅದೃಷ್ಟವಂತರು. ಬಸ್ಸಿಗೂ ಕಾಯುತ್ತೇವೆ, ಗದ್ದೆಯನ್ನೂ ಕಾಯುತ್ತೇವೆ. 130ನೇ ಕೀರ್ತನೆಯಲ್ಲಿ ಬೆಳಗಿಗಾಗಿ ಕಾಯುವವನು ಊರು ಕಾಯುವ ಕಾವಲುಗಾರ. ಅವನು ಸುಮ್ಮನೆ ಕೂತವನಲ್ಲ. ಬೆಳಗಾಗುವುದು ಖಚಿತವೆಂದು ಗೊತ್ತಿರುವುದರಿಂದಲೇ ಎಚ್ಚರವಾಗಿರುವವನು. ಕ್ರೈಸ್ತರು ನಿರೀಕ್ಷೆ ಎನ್ನುವುದು ಇದಕ್ಕೇ. ಒಳ್ಳೆಯದಾದೀತೇನೋ ಎಂಬ ಊಹೆಗೆ ಆ ಹೆಸರಿಲ್ಲ.

ಮಕ್ಕಳಿಗೆ ಇದನ್ನು ಬಾಯಲ್ಲಿ ವಿವರಿಸಿ ಪ್ರಯೋಜನವಿಲ್ಲ. ನಾಲ್ಕು ಮೇಣದಬತ್ತಿಯ ಚಕ್ರ ಮಾಡಿಸಿ. ಭಾನುವಾರಕ್ಕೊಂದರಂತೆ ಹೊಸ ಬತ್ತಿ ಹೊತ್ತಿಸಿ, ಹಳೆಯವೂ ಜೊತೆಗೆ ಉರಿಯಲಿ. 1839ರಲ್ಲಿ ಹ್ಯಾಂಬರ್ಗಿನ ಬಡ ಮಕ್ಕಳ ಆಶ್ರಮದಲ್ಲಿ ಯೊಹಾನ್ ವಿಚೆರ್ನ್ ಎಂಬ ಪ್ರೊಟೆಸ್ಟಂಟ್ ದೇವಶಾಸ್ತ್ರಜ್ಞ ಶುರುಮಾಡಿದ ಪದ್ಧತಿ ಇದು. ಈಗ ಕಥೋಲಿಕರಲ್ಲಿ ಮೂರು ನೇರಳೆ ಬತ್ತಿ, ಒಂದು ಗುಲಾಬಿ. ಗುಲಾಬಿ ಬತ್ತಿ ‘ಆನಂದಿಸಿರಿ’ ಎನ್ನುವ ಮೂರನೇ ಭಾನುವಾರಕ್ಕೆ. ಜಪಸರದ ಹೊತ್ತಿಗೆ ದಿನಕ್ಕೆ 15 ನಿಮಿಷ ಉರಿಸಿದರೆ, 2026ರಲ್ಲಿ ನವೆಂಬರ್ 29ಕ್ಕೆ ಹೊತ್ತುವ ಮೊದಲ ಬತ್ತಿ ಡಿಸೆಂಬರ್ 24ರೊಳಗೆ ಆರೂವರೆ ಗಂಟೆ ಉರಿದಿರುತ್ತದೆ, ನಾಲ್ಕನೆಯದು ಒಂದೂಕಾಲು ಗಂಟೆ ಮಾತ್ರ. ನಾಲ್ಕೂ ಸಮ ಕಾಣಲೆಂದು ಮೊದಲನೆಯದನ್ನು ಬದಲಿಸುವವರಿದ್ದಾರೆ. ಬೇಡ. ಎಷ್ಟು ಕಾದೆವೆಂದು ತೋರಿಸುವುದು ಆ ಗಿಡ್ಡ ಬತ್ತಿಯೇ. ಚಕ್ರಕ್ಕೆ ಗಾಳಿಮರದ ಸೊಪ್ಪು ಸುತ್ತುವುದಾದರೆ ವಾರಕ್ಕೊಮ್ಮೆ ಬದಲಿಸಿ; ಒಣಗಿದ್ದಕ್ಕೆ ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಮೊದಲ ಬತ್ತಿ ತೀರಾ ಗಿಡ್ಡವಾದಾಗ ಜ್ವಾಲೆ ಸೊಪ್ಪಿನ ಮಟ್ಟಕ್ಕೇ ಇಳಿಯುತ್ತದೆ. ಆದ್ದರಿಂದ ಅದರಡಿಗೆ ಮಣ್ಣಿನ ಹಣತೆ ಇಟ್ಟು, ಸೊಪ್ಪನ್ನು ನಾಲ್ಕು ಬೆರಳು ದೂರ ಸರಿಸಿ.

ಚಕ್ರಕ್ಕಿಂತ ನಮ್ಮ ಕಡೆಗೆ ಹೆಚ್ಚು ಒಗ್ಗುವುದು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಜೋಡಣೆಗೆ, ಪೈರು ಬೆಳೆಸುವುದು. ಒಂದು ಹಿಡಿ ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಅಗಲ ತಟ್ಟೆಯಲ್ಲಿ ಒಂದು ಅಂಗುಲ ಮಣ್ಣಿನ ಮೇಲೆ ಹರಡಿ, ತೆಳುವಾಗಿ ಮಣ್ಣು ಉದುರಿಸಿ. ಬಿತ್ತಲು ಡಿಸೆಂಬರ್ 12–13 ಸರಿ. ಉತ್ಸಾಹಕ್ಕೆ ಮೊದಲ ಭಾನುವಾರವೇ ಬಿತ್ತಿದರೆ ಹಬ್ಬದ ಹೊತ್ತಿಗೆ ಹುಲ್ಲು ಉದ್ದವಾಗಿ ಮಗುಚಿ ಬಿದ್ದಿರುತ್ತದೆ. ಬೇಗ ಬರಲೆಂದು ನೀರು ಸುರಿದರೆ ಬೇರು ಕೊಳೆತು ಬೂಷ್ಟು ಹಿಡಿಯುತ್ತದೆ. ದಿನಕ್ಕೆರಡು ಬಾರಿ ಚಿಮುಕಿಸಿದರೆ ಸಾಕು. ಮೊಳಕೆ ಕಂಡ ಕೂಡಲೇ ಬೆಳಕಿಗಿಡಿ, ಇಲ್ಲವಾದರೆ ಹಳದಿಯಾಗಿಯೇ ಉಳಿಯುತ್ತದೆ. ಅಂಗಳದಲ್ಲಿಟ್ಟರೆ ಕೋಳಿ ಕೆದಕೀತು. ಅದನ್ನು ಕಾಯುವ ಕೆಲಸ ಮಕ್ಕಳಿಗಿರಲಿ.