ಶೇ. 1, ಆಮೇಲೆ ಶೇ. 3.1, ಆಮೇಲೆ ಸೊನ್ನೆ: 2024 ವೈಆರ್4 ಲೆಕ್ಕ ಅರ್ಥ ಮಾಡಿಕೊಳ್ಳೋಣ

2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ಟೆಲಿಸ್ಕೋಪಿಗೆ ಹೊಸ ಕ್ಷುದ್ರಗ್ರಹವೊಂದು ಕಾಣಿಸಿತು. ಅದಕ್ಕೆ ಇಟ್ಟ ಹೆಸರು 2024 ವೈಆರ್4. ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇ. 1 ದಾಟಿತು. ಫೆಬ್ರವರಿ 18ಕ್ಕೆ ನಾಸಾ ಲೆಕ್ಕದಲ್ಲಿ ಶೇ. 3.1 ಆಯಿತು. ಒಂದೇ ವಾರದಲ್ಲಿ ಶೇ. 0.004ಕ್ಕೆ ಇಳಿಯಿತು.

ವಿಜ್ಞಾನಿಗಳು ಮಾತು ಬದಲಿಸಿದರು ಅಂತ ಆಗ ತುಂಬಾ ಜನ ಅಂದುಕೊಂಡರು. ಹಾಗಲ್ಲ. ಆ ಕಲ್ಲಿನ ದಾರಿ ಆಗಲೂ ಒಂದೇ, ಈಗಲೂ ಒಂದೇ. ಶೇಕಡಾ ಹೇಳುವುದು ಆ ದಾರಿ ನಮಗೆ ಎಷ್ಟು ಗೊತ್ತು ಅನ್ನುವುದನ್ನು. ಕೆಲವೇ ವಾರ ನೋಡಿದ ದಾರಿಯಿಂದ ಎಂಟು ವರ್ಷ ಮುಂದಿನ ಜಾಗ ಹೇಳಬೇಕು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಎಂಟು ವರ್ಷದಲ್ಲಿ ಅದು ಲಕ್ಷಾಂತರ ಕಿ.ಮೀ. ಆಗಿ ಬೆಳೆಯುತ್ತದೆ. ಹಾಗಾಗಿ ಆ ದಿನ ಕಲ್ಲು ಇರಬಹುದಾದ ಜಾಗ ಉದ್ದನೆಯ ಸಣ್ಣ ಪಟ್ಟಿಯ ಹಾಗೆ ಇರುತ್ತದೆ.

ಈಗ ಪೆನ್ನು ಹಿಡಿಯಿರಿ. ಭೂಮಿಯ ಅಡ್ಡಳತೆ ಸುಮಾರು 12,700 ಕಿ.ಮೀ. ಪಟ್ಟಿಯ ಉದ್ದ 12,70,000 ಕಿ.ಮೀ., ಭೂಮಿ ಅದರೊಳಗೇ ಇದೆ ಅಂತ ಇಟ್ಟುಕೊಳ್ಳಿ. ನೂರರಲ್ಲಿ ಒಂದು ಪಾಲು ಭೂಮಿಯದು, ಅಂದರೆ ಶೇ. 1. ಇನ್ನಷ್ಟು ರಾತ್ರಿ ನೋಡಿದ ಮೇಲೆ ಪಟ್ಟಿ 4 ಲಕ್ಷ ಕಿ.ಮೀ.ಗೆ ಕುಗ್ಗಿತು, ಭೂಮಿ ಇನ್ನೂ ಒಳಗೇ ಇದೆ. ಈಗ 12,700 ಭಾಗಿಸು 4,00,000: ಶೇ. 3ಕ್ಕಿಂತ ಸ್ವಲ್ಪ ಜಾಸ್ತಿ! ಅಪಾಯವೇನೂ ಬೆಳೆದಿಲ್ಲ, ಪಟ್ಟಿ ಚಿಕ್ಕದಾಯಿತು ಅಷ್ಟೇ. ಇನ್ನೊಮ್ಮೆ ಕುಗ್ಗಿದಾಗ ಭೂಮಿ ಪಟ್ಟಿಯ ಹೊರಗೆ ಬಿತ್ತು ಅನ್ನಿ. ಶೇಕಡಾ ಸೊನ್ನೆಯ ಹತ್ತಿರ ಕುಸಿಯುತ್ತದೆ. ಇವು ಅಭ್ಯಾಸಕ್ಕೆ ತೆಗೆದುಕೊಂಡ ಸಂಖ್ಯೆಗಳು. ನಿಜವಾದ ಲೆಕ್ಕದಲ್ಲಿ ಪಟ್ಟಿಯ ಎಲ್ಲ ಜಾಗಕ್ಕೂ ಸಮಾನ ತೂಕ ಇರುವುದಿಲ್ಲ. ಆದರೆ ಮೊದಲು ಏರಿ ಆಮೇಲೆ ಬೀಳುವುದಕ್ಕೆ ಕಾರಣ ಇದೇ.

2004ರಲ್ಲಿ ಅಪೋಫಿಸ್ ಅನ್ನುವ ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಗಿತ್ತು. 2029ರಲ್ಲಿ ಅದು ಭೂಮಿಗೆ ಬಡಿಯುವ ಸಾಧ್ಯತೆ ಆ ಡಿಸೆಂಬರಿನಲ್ಲಿ ಶೇ. 2.7ಕ್ಕೆ ಏರಿತು. ಕಂಡುಹಿಡಿಯುವ ಮೊದಲೇ, ಅದೇ ವರ್ಷದ ಮಾರ್ಚ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಅದು ಇದ್ದದ್ದು ಸಿಕ್ಕಿತು. ಅಷ್ಟು ಹಿಂದಿನ ಒಂದು ಬಿಂದು ಸಿಕ್ಕರೆ ಪಟ್ಟಿ ಎಷ್ಟು ಕುಗ್ಗುತ್ತದೆ ನೋಡಿ, 2029ರ ಭಯ ಅಲ್ಲಿಗೇ ಮುಗಿಯಿತು. 2029ರ ಏಪ್ರಿಲ್ 13ರಂದು ಅದು ಸುಮಾರು 32,000 ಕಿ.ಮೀ. ಮೇಲೆ ಹಾದುಹೋಗುತ್ತದೆ.

ಇಂಥ ಕಲ್ಲುಗಳ ಅಪಾಯ ಅಳೆಯುವ ಟೊರಿನೊ ಮಾಪಕವನ್ನೂ ನೆನಪಿಡಿ. 0ರಿಂದ 10ರವರೆಗಿನ ಈ ಅಂಕ ಸಾಧ್ಯತೆಯ ಜೊತೆ ಕಲ್ಲಿನ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸುಮಾರು 60 ಮೀಟರ್‌ನ ವೈಆರ್4ಗೆ ಸಿಕ್ಕಿದ್ದು 3, ಅಪೋಫಿಸ್‌ಗೆ 4.

ನನಗೆ ಹೆಚ್ಚು ಕಾಡುವುದು ಇನ್ನೂ ಯಾರ ಕಣ್ಣಿಗೂ ಬೀಳದ ಕಲ್ಲುಗಳು. 2013ರ ಫೆಬ್ರವರಿ 15ರಂದು ಎಲ್ಲರ ಕಣ್ಣು 2012 ಡಿಎ14 ಅನ್ನುವ ಕ್ಷುದ್ರಗ್ರಹದ ಮೇಲಿತ್ತು. ಅದು ಮೊದಲೇ ಹೇಳಿದಂತೆ ಸುಮ್ನೆ ಹಾದುಹೋಯಿತು. ಅದೇ ದಿನ, ಅದಕ್ಕೆ ಸಂಬಂಧವೇ ಇಲ್ಲದ ಸುಮಾರು 20 ಮೀಟರ್‌ನ ಕಲ್ಲು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿಯಿತು. ಸಾವಿರಕ್ಕೂ ಜಾಸ್ತಿ ಜನರಿಗೆ ಗಾಯವಾಯಿತು, ಬಹುತೇಕ ಕಿಟಕಿ ಗಾಜು ಒಡೆದು. ಸೂರ್ಯನ ದಿಕ್ಕಿನಿಂದ ಬಂದಿದ್ದರಿಂದ ಅದು ಯಾರಿಗೂ ಮೊದಲೇ ಕಂಡಿರಲಿಲ್ಲ, ಹಾಗಾಗಿ ಅದಕ್ಕೆ ಶೇಕಡಾ ಲೆಕ್ಕವೇ ಇರಲಿಲ್ಲ. ನಾಸಾ ಸಿದ್ಧಪಡಿಸುತ್ತಿರುವ ನಿಯೋ ಸರ್ವೇಯರ್ ಟೆಲಿಸ್ಕೋಪ್ ಬಾಹ್ಯಾಕಾಶದಿಂದ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಶಾಖದ ಕಿರಣಗಳಲ್ಲಿ, ನೋಡುತ್ತದೆ. ನೆಲದ ಟೆಲಿಸ್ಕೋಪ್‌ಗಳಿಗಿಂತ ಸೂರ್ಯನ ಕಡೆಗೆ ಇನ್ನಷ್ಟು ಹತ್ತಿರದವರೆಗೂ ಅದು ಹುಡುಕಬಲ್ಲದು.