ಪರಿಹಾರವೆಂದರೆ ಸತ್ತ ರಾಸಿನ ಬೆಲೆಯಲ್ಲ

ನೆರೆಯಲ್ಲಿ ಕೊಚ್ಚಿಹೋದ ಹಸುವಿಗೆ ಬರುವ ಹಣ, ಚರ್ಮಗಂಟು ರೋಗದಿಂದ ಸತ್ತ ಎತ್ತಿಗೆ ಬರುವ ಹಣ, ಹಕ್ಕಿಜ್ವರ ಹರಡದಿರಲೆಂದು ಸರ್ಕಾರವೇ ಕೊಲ್ಲಿಸಿದ ಕೋಳಿಗಳಿಗೆ ಕೊಡುವ ಹಣ, ಇವೆಲ್ಲಕ್ಕೂ ನಮ್ಮ ಸುದ್ದಿಗಳಲ್ಲಿ ‘ಪರಿಹಾರ’ ಎಂಬ ಒಂದೇ ಪದ ಬಳಕೆಯಾಗುತ್ತಿದೆ. ಈಚೆಗೆ ಇದೇ ಅರ್ಥದಲ್ಲಿ ‘ಸಹಾಯಧನ’ವನ್ನೂ ಬರೆಯತೊಡಗಿರುವುದರಿಂದ ಗೊಂದಲ ಇಮ್ಮಡಿಯಾಗಿದೆ.

‘ಪರಿಹಾರ’ದ ಮೂಲವಾದ ಸಂಸ್ಕೃತದ ‘ಹೃ’ ಧಾತುವಿಗೆ ಒಯ್ಯು ಎಂಬ ಅರ್ಥವಿದ್ದು, ‘ಪರಿ’ ಸೇರಿದಾಗ ಅದು ನಿವಾರಿಸು, ದೂರಮಾಡು ಎಂದಾಗುತ್ತದೆ. ಹಣ ಕೊಡುವುದಕ್ಕೂ ಈ ಪದಕ್ಕೂ ಮೂಲದಲ್ಲಿ ನಂಟಿಲ್ಲ. ನಮ್ಮ ದತ್ತಿ ಶಾಸನಗಳಲ್ಲಿ ಬರುವ ‘ಸರ್ವಬಾಧಾಪರಿಹಾರ’ ಎಂಬ ಮಾತು, ಬಿಟ್ಟುಕೊಟ್ಟ ಭೂಮಿಗೆ ತೆರಿಗೆ ಮೊದಲಾದ ಯಾವ ಬಾಧೆಯೂ ತಟ್ಟದು ಎಂಬ ಅಭಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಹೊಸ ಜನಪದವನ್ನು ನೆಲೆಗೊಳಿಸುವ ಭಾಗದಲ್ಲಿ, ‘ಅನುಗ್ರಹ’ ಮತ್ತು ‘ಪರಿಹಾರ’ ಜೊತೆಯಾಗಿಯೇ ಬರುತ್ತವೆ: ಪರಿಹಾರವೆಂದರೆ ಕಂದಾಯದ ವಿನಾಯಿತಿ, ಅನುಗ್ರಹವೆಂದರೆ ರೈತರಿಗೆ ಧಾನ್ಯ, ಪಶು ಮತ್ತು ಹಣ ಕೊಟ್ಟು ನೆರವಾಗುವುದು, ಅದನ್ನವರು ಅನುಕೂಲವಾದಾಗ ಹಿಂದಿರುಗಿಸುವುದು. ಕುರಿ, ಮೇಕೆ, ದನಗಳ ಆಕಸ್ಮಿಕ ಸಾವಿಗೆ ಹಣ ಕೊಡುವ ಕರ್ನಾಟಕದ ಯೋಜನೆಗೆ ‘ಅನುಗ್ರಹ’ ಎಂಬ ಹೆಸರಿದೆ; ಹಳೆಯ ಅರ್ಥಕ್ಕೆ ಹೆಚ್ಚು ಹತ್ತಿರವಾದದ್ದು ಆ ಹೆಸರೇ. ಇಂದು ಪರಿಹಾರವೆಂದು ಕರೆಯಲು ಹೆಚ್ಚು ತಕ್ಕದ್ದು ಬರಗಾಲದಲ್ಲಿ ಮಾಡುವ ಬಡ್ಡಿಮನ್ನಾ.

ಬಳಕೆ ಬದಲಾಗಿದೆ, ಅದನ್ನು ಒಪ್ಪೋಣ. ಆದರೆ ‘ನಷ್ಟಭರ್ತಿ’ ಮತ್ತು ‘ನೆರವು’ ಇವುಗಳ ನಡುವಿನ ಗೆರೆಯನ್ನು ಅಳಿಸುವುದನ್ನು ಒಪ್ಪಲಾಗದು. ಹಕ್ಕಿಜ್ವರದಲ್ಲಿ ಕೋಳಿಗಳನ್ನು ಕೊಲ್ಲುವುದು ಸರ್ಕಾರದ ಆದೇಶ. ಆದ್ದರಿಂದ ಅಲ್ಲಿ ತೆರುವುದು ನಷ್ಟಭರ್ತಿ. ನೆರೆ, ಸಿಡಿಲುಗಳಿಗೆ ರಾಸು ಬಲಿಯಾದಾಗ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನ ನಿಧಿ) ಮಾರ್ಗಸೂಚಿಯಂತೆ ಬರುವುದು ತುರ್ತು ನೆರವು ಮಾತ್ರ. 2022ರಲ್ಲಿ ಪರಿಷ್ಕರಿಸಿದ ದರದಂತೆ ಅದು ಹಾಲು ಕರೆಯುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಅಥವಾ ಮೇಕೆಗೆ 4,000. ಕರೆಯುವ ದೊಡ್ಡ ರಾಸುಗಳಾದರೆ ಒಂದು ಕುಟುಂಬಕ್ಕೆ ಮೂರರವರೆಗೆ ಮಾತ್ರ. ಒಂದೇ ರಾತ್ರಿಯಲ್ಲಿ ಕೊಟ್ಟಿಗೆಯ ಐದು ಹಸು ಸತ್ತರೂ ಮೂರಕ್ಕೇ ಲೆಕ್ಕ. ಸತ್ತ ಹಸು ಎಷ್ಟನೆಯ ಕರುವಿನದು, ದಿನಕ್ಕೆ ಎಷ್ಟು ಲೀಟರ್ ಕರೆಯುತ್ತಿತ್ತು, ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂಬುದಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಚರ್ಮಗಂಟು ರೋಗ ವ್ಯಾಪಿಸಿದ್ದ 2022ರಲ್ಲಿ ರಾಜ್ಯ ಸರ್ಕಾರ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಗೊತ್ತುಮಾಡಿತ್ತು. ಒಂದು ಪಟ್ಟಿಯಲ್ಲಿ ಹಸುವಿನದು ಹೆಚ್ಚು, ಇನ್ನೊಂದರಲ್ಲಿ ಎತ್ತಿನದು; ಇವು ರಾಸಿನ ಬೆಲೆಗಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿರುವಾಗ ‘ನಷ್ಟ ತುಂಬಿಕೊಟ್ಟ ಸರ್ಕಾರ’ ಎಂಬ ಧಾಟಿಯ ತಲೆಬರಹ ಓದಿದವರು, ಹೈನುಗಾರನ ಹಾನಿಯೆಲ್ಲ ತೀರಿತೆಂದು ತಿಳಿಯುತ್ತಾರೆ. ಹಸುವಿಗಾಗಿ ಮಾಡಿದ ಸಾಲದ ಕಂತು ಮಾತ್ರ ಹಾಗೆಯೇ ಉಳಿದಿರುತ್ತದೆ. ‘ನೆರವು’ ಎಂದು ಬರೆದರೆ ಈ ತಪ್ಪು ತಿಳಿವಳಿಕೆಗೆ ಎಡೆಯಿರುವುದಿಲ್ಲ.

ಇನ್ನು ಸಹಾಯಧನ: ಹೊಸ ಹಸು ಕೊಳ್ಳಲು, ಕೊಟ್ಟಿಗೆ ಕಟ್ಟಲು, ಮೇವು ಕತ್ತರಿಸುವ ಯಂತ್ರ ತರಲು ಆಗುವ ವೆಚ್ಚದಲ್ಲಿ ಸರ್ಕಾರ ಭರಿಸುವ ಪಾಲು ಅದು. ಅದಕ್ಕೂ ರಾಸಿನ ಸಾವಿಗೂ ಸಂಬಂಧವಿಲ್ಲ.