ಸೂರ್ಯಕಾಂತಿ ಎಣ್ಣೆ: ಬಾಗೇಪಲ್ಲಿಯಿಂದ ಒಡೆಸಾವರೆಗೆ

2022ರ ಮಾರ್ಚ್‌ನಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಎಲ್ಲರೂ ಯುದ್ಧದತ್ತ ಬೊಟ್ಟು ಮಾಡಿದರು. ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿಗಿಳಿದ ಮೇಲೆ ಒಡೆಸಾದಂಥ ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಹತ್ತು ಪಾಲಿನಲ್ಲಿ ಸುಮಾರು ಏಳು ಉಕ್ರೇನಿನದು, ಎರಡು ರಷ್ಯಾದ್ದು. ಆದರೆ ದೇಶದಲ್ಲೇ ಈ ಬೆಳೆಗೆ ಹೆಸರಾದ ಕರ್ನಾಟಕದ ಒಗ್ಗರಣೆ ಒಡೆಸಾವನ್ನು ನೆಚ್ಚಿಕೊಂಡದ್ದು ಯಾವಾಗ?

1997ರಲ್ಲಿ ಕರ್ನಾಟಕದ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಗೆ ಹೊಸ ರೋಗವೊಂದು ಕಂಡಿತು. ಎಲೆ ಸುಟ್ಟಂತಾಗಿ, ಕಾಂಡ ತಿರುಚಿ, ತೆನೆ ಸೊಟ್ಟಗಾಗುವ ನೆಕ್ರೋಸಿಸ್. ಕಾರಣ ತಂಬಾಕು ಸ್ಟ್ರೀಕ್ ವೈರಸ್. ಅದು ಬದುವಿನ ಪಾರ್ಥೇನಿಯಂನಲ್ಲಿ, ನಮ್ಮವರ ಕಾಂಗ್ರೆಸ್ ಗಿಡದಲ್ಲಿ, ಲಕ್ಷಣವೇ ತೋರದೆ ಅಡಗಿರುತ್ತದೆ. ಆ ಗಿಡದ ಪರಾಗ ಗಾಳಿಗೆ ಹಾರಿಯೋ ಥ್ರಿಪ್ಸ್ ಎಂಬ ಪುಟ್ಟ ಕೀಟದ ಮೈಗೆ ಅಂಟಿಯೋ ಸೂರ್ಯಕಾಂತಿ ಎಲೆಯ ಮೇಲೆ ಬಂದು ಕೂರುತ್ತದೆ. ಥ್ರಿಪ್ಸ್ ಕೆರೆದ ಗಾಯದಿಂದ ವೈರಸ್ ಒಳಗಿಳಿಯುತ್ತದೆ. ಹತ್ತಿದ ಮೇಲೆ ಮದ್ದಿಲ್ಲ. ಬಾರದಂತೆ ತಡೆಯಲು ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಲೇಪಿಸಬೇಕು, ಹೊಲದ ಸುತ್ತ ತಡೆಗೋಡೆಯಾಗಿ ನಾಲ್ಕೈದು ಸಾಲು ಜೋಳವನ್ನು ಮುಂಚೆಯೇ ಬಿತ್ತಬೇಕು, ಪಾರ್ಥೇನಿಯಂ ಹೂಬಿಡುವ ಮೊದಲೇ ಕೀಳಬೇಕು. ತನ್ನ ಬದುವಿನದನ್ನು ರೈತ ಕಿತ್ತಾನು, ರಸ್ತೆಬದಿಯದನ್ನು ಕೀಳುವವರಾರು?

ರೋಗವೊಂದೇ ಆಗಿದ್ದರೆ ಬೆಳೆ ಉಳಿಯುತ್ತಿತ್ತು. ಹೆಚ್ಚಿನ ಪೆಟ್ಟು ಬಿದ್ದದ್ದು ಬೆಲೆಯಿಂದ. ಎಣ್ಣೆಕಾಳು ಹೆಚ್ಚಿಸಲೆಂದು 1986ರಲ್ಲಿ ತಂತ್ರಜ್ಞಾನ ಮಿಷನ್ ಆರಂಭಿಸಿದ್ದ ಸರ್ಕಾರವೇ 1994ರಲ್ಲಿ ತಾಳೆಯಿಂದ ತೆಗೆದ ಪಾಮೊಲಿನ್ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. 65 ಪ್ರತಿಶತ ಇದ್ದ ಸುಂಕ 1998ಕ್ಕೆ 15ಕ್ಕಿಳಿಯಿತು. ಅಗ್ಗದ ಆಮದಿನೆದುರು ಸೂರ್ಯಕಾಂತಿಗೆ ಬೆಲೆ ಸಿಗದೆ ಅನೇಕ ರೈತರು ಮೆಕ್ಕೆಜೋಳಕ್ಕೆ ಹೊರಳಿದರು. 2005ರ ಸುಮಾರಿಗೆ 20 ಲಕ್ಷ ಹೆಕ್ಟೇರ್ ದಾಟಿದ್ದ ದೇಶದ ಸೂರ್ಯಕಾಂತಿ ಬಿತ್ತನೆ 2020ರ ಹೊತ್ತಿಗೆ 3 ಲಕ್ಷಕ್ಕೂ ಕಡಿಮೆಯಾಗಿತ್ತು.

ಯುದ್ಧ ಬಂದಾಗ ಬದಲಿ ಎಣ್ಣೆಗಳೂ ಸುಸ್ಥಿತಿಯಲ್ಲಿರಲಿಲ್ಲ. ಕೋವಿಡ್‌ನಿಂದ ಗಡಿ ಮುಚ್ಚಿ ಮಲೇಷ್ಯಾದ ತಾಳೆ ತೋಟಗಳಿಗೆ ಕೂಲಿಯಾಳು ಸಿಕ್ಕಿರಲಿಲ್ಲ, ದಕ್ಷಿಣ ಅಮೆರಿಕದ ಸೋಯಾ ಬರಕ್ಕೆ ಸಿಕ್ಕಿತ್ತು. ಇದರ ಮೇಲೆ, ತನ್ನ ಜನರಿಗೇ ಎಣ್ಣೆ ತುಟ್ಟಿಯಾಯಿತೆಂದು ಇಂಡೋನೇಷ್ಯಾ ಏಪ್ರಿಲ್ 28ರಂದು ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಆದರೆ ಕೊಯ್ದ ತಾಳೆಗೊನೆಯನ್ನು ದಿನದೊಳಗೆ ಗಿರಣಿಗೆ ಹಾಕದಿದ್ದರೆ ಎಣ್ಣೆಯಲ್ಲಿ ಆಮ್ಲಾಂಶ ಏರುತ್ತದೆ, ಕೂಡಿಡಲಾಗದು. ಟ್ಯಾಂಕುಗಳು ತುಂಬುತ್ತ ಬಂದಂತೆ ಗಿರಣಿಗಳು ಗೊನೆ ಕೊಳ್ಳುವುದನ್ನು ತಗ್ಗಿಸಿದವು. ಬೆಲೆ ಕುಸಿದು ಅಲ್ಲಿನ ಸಣ್ಣ ಬೆಳೆಗಾರರು ಬೀದಿಗಿಳಿದರು. ಮೇ 23ಕ್ಕೆ ನಿಷೇಧ ತೆರವಾಯಿತು.